ಮುಂದಿನ ಸೀಟಿನ ಹಲಸು

ಹಲಸನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದೇ ತಪ್ಪಾಯಿತು.
ಡಿಕ್ಕಿ ತುಂಬ ಐದನೇ ಕ್ಲಾಸಿನ ಕಾಪಿ ಪುಸ್ತಕ,
ಹಿಂದೆ ಐತ್ತಪ್ಪಣ್ಣ,
ಕಣ್ಣು ಮುಚ್ಚಿ, ಕಿವಿ ಮಾತ್ರ ತೆರೆದು.

ಬದಿಯಡ್ಕ ದಾಟಲಿಲ್ಲ, ಕಾರು ಶುರುಮಾಡಿತು:
ಟಿಂ ಟಿಂ ಟಿಂ.
ಹದಿನಾಲ್ಕು ಕಿಲೋದ ಯಾರೋ
ಬೆಲ್ಟು ಹಾಕದೆ ಕೂತಿದ್ದಾರೆಂದು ತಕರಾರು.
ಪರದೆಯ ಮೇಲೆ ಕೆಂಪು ಮನುಷ್ಯ,
ತಲೆ ಗುಂಡಗೆ, ಮುಳ್ಳಿಲ್ಲ.
ಯಾರು, ಎಲ್ಲಿಗೆ, ಅದು ಕೇಳುವುದಿಲ್ಲ.
ತೂಕ ಇದ್ದರೆ ಆಯಿತು.

ಬದಿಗೆ ನಿಲ್ಲಿಸಿ ಹಲಸಿಗೆ ಬೆಲ್ಟು ಕಟ್ಟಿದೆ.
ಸೊಂಟ ಯಾವುದೆಂದು ಹುಡುಕಬೇಕಾಯಿತು.
ಕಾರು ಸುಮ್ಮನಾಯಿತು.

ಇನ್ನು ನನ್ನ ಬೆಲ್ಟಿನ ವಿಷಯ, ಹೇಳಿಬಿಡುತ್ತೇನೆ.
ಗಂಜಿ ಹಾಕಿದ ಹತ್ತಿ ಸೀರೆ,
ಬೆಳಗ್ಗೆ ಐದಕ್ಕೆದ್ದು ಇಸ್ತ್ರಿ ಮಾಡಿದ್ದು.
ಎದೆಯ ಅಡ್ಡಕ್ಕೆ ಆ ಪಟ್ಟಿ ಎಳೆದರೆ
ಶಾಲೆಗೆ ಮುಟ್ಟುವಾಗ ಮುದುಡಿದ ಕೆಸುವಿನೆಲೆ.
ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ
ನೂರ ಇಪ್ಪತ್ತು ರೂಪಾಯಿಗೆ ಒಂದು ನಾಲಿಗೆ ಸಿಗುತ್ತದೆ,
ಬರೀ ನಾಲಿಗೆ, ಪಟ್ಟಿಯಿಲ್ಲದ್ದು.
ಕೊಕ್ಕೆಗೆ ಸಿಕ್ಕಿಸಿದರೆ ಕಾರು ನಂಬುತ್ತದೆ.
ಹತ್ತು ಲಕ್ಷ ಕೊಟ್ಟು ತಂದ ಬುದ್ಧಿಗೆ
ಎರಡು ವರ್ಷದಿಂದ ಸುಳ್ಳು ಹೇಳುತ್ತಾ ಬಂದಿದ್ದೇನೆ,
ದಿನಾ ಎರಡು ಸಲ,
ಹೋಗುವಾಗ ಒಂದು, ಬರುವಾಗ ಒಂದು.

ಐತ್ತಪ್ಪಣ್ಣ ಬಂದದ್ದು ಒಂದು ಶಬ್ದಕ್ಕೆ.
ಹಿಂದಿನ ಎಡಚಕ್ರದ ಹತ್ತಿರ ಎಲ್ಲೋ,
ತಿರುವಿನಲ್ಲಿ ಮಾತ್ರ, ಕಿರ್ರ್.
ಮಂಗಳೂರಿನ ಕಂಪನಿಯವರು
ಸ್ಟೇರಿಂಗಿನ ಕೆಳಗೆ ವಯರು ಚುಚ್ಚಿ
ಲ್ಯಾಪ್‌ಟಾಪಿನಲ್ಲಿ ನೋಡಿ "ದೋಷ ಸೊನ್ನೆ" ಅಂದರು,
ಕಾಗದದಲ್ಲೂ ಬರೆದು ಕೊಟ್ಟರು.
ಶಬ್ದ ಆ ಕಾಗದ ಓದಲಿಲ್ಲ.

"ಇದರಲ್ಲಿ ಎಷ್ಟು ಕಂಪ್ಯೂಟರು ಉಂಟು ಟೀಚರೇ?"
"ಮೂವತ್ತೋ ನಲವತ್ತೋ ಅಂತೆ."
"ಅಷ್ಟು ಜನಕ್ಕೆ ಸೇರಿ ಒಂದು ಕಿವಿ ಇಲ್ಲವಾ ಮಾರಾಯ್ರೆ?"

ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ಜೀಪುಗಳ ಎದೆ ಕೇಳಿದವರು.
ಈಗ ಬಾನೆಟ್ಟು ತೆರೆದರೆ
ಅಂಚಿನಿಂದ ಅಂಚಿಗೆ ಕಪ್ಪು ಪ್ಲಾಸ್ಟಿಕ್ಕು.
ಕಿವಿ ಎಲ್ಲಿ ಇಡುವುದು?

ಸೀತಾಂಗೋಳಿಯ ಇಳಿಜಾರಿನಲ್ಲಿ ಕಿರ್ರ್ ಅಂದಿತು.
ಐತ್ತಪ್ಪಣ್ಣ ಕಣ್ಣು ಬಿಟ್ಟು, ಮುಂದಕ್ಕೆ ಬಾಗಿ,
ನನ್ನ ಭುಜದ ಪಕ್ಕದಿಂದ ಕೈ ಚಾಚಿ
ಬೆರಳ ಗಂಟಿನಿಂದ ಎರಡು ಸಲ
ಹಲಸಿಗೆ ಬಡಿದರು.
"ಶಬ್ದ ಆಮೇಲೆ ನೋಡುವ. ಇದು ಬಕ್ಕೆ. ನಾಡಿದ್ದಿಗೆ ಹಣ್ಣು."
ಅಷ್ಟರಲ್ಲಿ ಕಂಬದ ಮೇಲಿನ ಕಣ್ಣು
ಮಿಟುಕಿತೋ ಏನೋ, ನಾವು ನೋಡಲಿಲ್ಲ.

ಎಂಟನೆಯ ದಿನ ಕಾಗದ ಬಂತು, ಮಲಯಾಳದಲ್ಲಿ.
ಮಲಯಾಳ ನನ್ನ ಬಾಯಿಗೆ ಬರುತ್ತದೆ,
ಕಣ್ಣಿಗೆ ಬರುವುದಿಲ್ಲ.
ಏಳನೆಯ ರಂಸೀನಾ ಬೆಂಚಿನಿಂದ ಎದ್ದು ಬಂದು
ಬೆರಳಿಟ್ಟು ಓದಿ, ಕನ್ನಡಕ್ಕೆ ತಿರುಗಿಸಿದಳು:
"ಡ್ರೈವರು ಬೆಲ್ಟು ಹಾಕಲಿಲ್ಲ ಟೀಚರ್. ಐನೂರು ರೂಪಾಯಿ."
ಆಮೇಲೆ ಚಿತ್ರ ನೋಡಿ
ಶಾಲಿನ ತುದಿ ಕಚ್ಚಿಕೊಂಡಳು.

ಚಿತ್ರದಲ್ಲಿ ಹಲಸು
ಬೆಲ್ಟು ಕಟ್ಟಿಕೊಂಡು ಸಭ್ಯವಾಗಿ ಕೂತಿದೆ.
ಪಕ್ಕದಲ್ಲಿ ನಾನು, ಒಂದು ನೆರಿಗೆಯೂ ಮುರಿಯದೆ.
ನಡುವೆ ಹಿಂದಿನಿಂದ ಬಂದ ಒಂದು ಕೈ,
ಯಾರದೆಂದು ಸರಕಾರಕ್ಕೆ ಗೊತ್ತಿಲ್ಲ.

ಹಲಸು ಬಕ್ಕೆ ಅಲ್ಲ, ತುಳುವೆ ಆಗಿತ್ತು.
ಕೊಯ್ದರೆ ಮೊಣಕೈವರೆಗೆ ಲೋಳೆ.
ಹೇಳಿದೆ.
"ಕಾರಿನೊಳಗೆ ಬಡಿದದ್ದಲ್ಲವಾ," ಅಂದರು ಐತ್ತಪ್ಪಣ್ಣ,
"ಎಸಿ ಶಬ್ದ ಸೇರಿರಬೇಕು."
ಆ ಚಿತ್ರದ ಒಂದು ಕಲರ್ ಜೆರಾಕ್ಸು ಕೇಳಿ ತೆಗೆದುಕೊಂಡು
ಶೆಡ್ಡಿನ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ.

ಈಗ ಬೆಲ್ಟು ಹಾಕುತ್ತೇನೆ. ಸೀರೆ ಮುದುಡುತ್ತದೆ.
ಆ ಸುಳ್ಳು ನಾಲಿಗೆಯೂ ಶೆಡ್ಡಿನಲ್ಲೇ ಉಂಟು,
ಸೋಡಾ ಬಾಟ್ಲಿ ತೆರೆಯಲು ಭಾರೀ ಲಾಯ್ಕವಂತೆ.

ಶಬ್ದ ಇನ್ನೂ ಬರುತ್ತದೆ.